ಒಂಬತ್ತು ಇಂಚಿನ ಬಳಿ

ಪುಣೆಯ ಅಂಗಡಿಯವ ಫೋನಿನಾಗ ಹೇಳಿದ್ದು ಇಷ್ಟೇ:
ವಾರಕ್ಕ ಮೂರು ಸಾವಿರ ಕಡಕ್ ರೊಟ್ಟಿ. ಎಲ್ಲಾ ಒಂದೇ ಅಳತಿ.
ಒಂದು ದೊಡ್ಡದು ಒಂದು ಸಣ್ಣದು ಬಂದ್ರ
ಡಬ್ಬ್ಯಾಗ ಕೂಡಂಗಿಲ್ಲ, ತಾಯಿ.

ದುಧನಿಯ ಹನ್ನೊಂದು ಒಲಿ ನಾವು.
ಬಚತ ಗಟದ ವಹಿ ನನ್ನ ಕಡೆ.
ನಾ ಬರಿಯೂದು ಕನ್ನಡದಾಗ,
ಬ್ಯಾಂಕಿನವರು ಓದೂದು ಮರಾಠಿಯಾಗ,
ನಡುವ ಅಂಕಿ ಮಾತ್ರ ಯಾರ ಪರವೂ ಅಲ್ಲ.

ಸುಗಲಾಬಾಯಿಯ ರೊಟ್ಟಿ ತೆಳ್ಳಗ, ಬೆಳಕಿಗೆ ಹಿಡಿದ್ರ
ಆಚೀಕಡೆ ಕೂತ ಬೆಕ್ಕು ಕಾಣಬೇಕು.
ಚಾಂದಬಿಯದು ಎಳ್ಳು ಹೆಚ್ಚು, ಕೈ ದೊಡ್ಡದು.
ಮಾದೇವಿಯದು ಹೊಲದಿಂದ ಬಂದ ಮ್ಯಾಲೆ ಬಡಿದದ್ದು,
ಅಂಚಿನ್ಯಾಗ ಸಿಟ್ಟು ಇರತದ.
ಇದೆಲ್ಲಾ ಡಬ್ಬಿಗೆ ಹೆಂಗ ಹೇಳೂದು?

ಮಹಾನಂದಾ ಅಂದಳು: ಒಂದು ಶೆಡ್ ಹಿಡಿಯೂನು.
ಸ್ಟೇಶನ್ ಹಿಂದ ಶೇಂಗಾ ಗೋದಾಮು ಖಾಲಿ ಅದ.
ಗ್ಯಾಸಿನ ಆರು ಭಟ್ಟಿ. ಒಬ್ಬಾಕಿ ನಾದೂದು,
ಒಬ್ಬಾಕಿ ಬಡಿಯೂದು, ಒಬ್ಬಾಕಿ ಸುಡೂದು,
ಒಬ್ಬಾಕಿ ಎಣಿಸೂದು,
ಒಬ್ಬಾಕಿ ನೋಡಕೋತ ನಿಲ್ಲೂದು.
ನಿಲ್ಲಾಕಿ ಯಾರು ಅಂತ ಯಾರೂ ಕೇಳಲಿಲ್ಲ.

ಒಂದು ತಿಂಗಳು ಅದನ್ನೂ ಮಾಡಿದಿವಿ.
ಮೊದಲ ವಾರ ಮೂರು ಸಾವಿರದ ನಾನೂರು.
ಆ ಅಂಕಿ ನಾನೇ ಎರಡು ಸಲ ತಿದ್ದಿ ಚಂದ ಬರದೀನಿ.
ಎರಡನೇ ವಾರ ಚಾಂದಬಿ ಸುಮ್ಮನಾದಳು.
ಹಾಡೂದು ಬಿಟ್ಟಳು ಅಂತಲ್ಲ, ಆಕಿ ಹಾಡತಿರಲೇ ಇಲ್ಲ;
ಬೈಯೂದು ಬಿಟ್ಟಳು.
ಹಿಟ್ಟಿಗೆ ಬೈಯದೆ ಆಕಿ ಕೈಗೆ ಜಿಗಿ ಬರಂಗಿಲ್ಲ.
ಮೂರನೇ ವಾರ ಮಾದೇವಿಯ ಕೂಸಿಗೆ ಜ್ವರ.
ಬಡಿಯಾಕಿ ಇಲ್ಲಂತ ಸುಡಾಕಿ ಕೂತಳು,
ಸುಡಾಕಿ ಕೂತಳಂತ ಎಣಿಸಾಕಿ ಕೂತಳು,
ಒಂದು ಜ್ವರ ಆರು ಭಟ್ಟಿ ಆರಿಸಿತು.

ಮತ್ತ ಮನಿಗೆ ಹೋದಿವಿ. ತಮತಮ್ಮ ಒಲಿ.
ಅವಾಗ ಬ್ಯಾರೆ ಕತಿ.
ಗಾಡಿ ಹೋದ ಮ್ಯಾಲೆ ಗುರುಬಾಯಿ ಬುಟ್ಟಿ ತಂದಳು,
ನನ್ನ ಮನಿ, ನನ್ನ ಗಡಿಯಾರ, ಅಂದಳು.
ಆಕಿಯ ಬುಟ್ಟಿ ಕಾಯ್ದು ಎಲ್ಲಾರ ಬುಟ್ಟಿ ಉಳದಿದ್ದವು,
ಪ್ಲಾಟ್‌ಫಾರ್ಮಿನ ಬಾಕಿನ ಮ್ಯಾಲೆ,
ಪುಣೆ ಕಡೆ ಮುಖ ಮಾಡಿ.
ಆ ದಿನದ ಲುಕ್ಸಾನ ಹನ್ನೊಂದು ಪಾಲು ಮಾಡಿದೆ.
ಅದಕ್ಕ ಜಗಳ ಆತು. ಜಡಿ ಹಿಡಿಯೂ ಮಟ ಆತು.

ಮರುದಿನ ವೆಲ್ಡಿಂಗ್ ಮೌನೇಶನ ಕಡೆ ಹೋದಾಕಿ ಸುಗಲಾಬಾಯಿ.
ತನ್ನ ಕೈಯಾಗಿನ ಹಸಿರು ಬಳಿ ತೋರಿಸಿ
ಇಂಥಾದ್ದು, ಆದ್ರ ಒಂಬತ್ತು ಇಂಚು, ಅಂದಳಂತ.
ಯಾರ ಕೈಗ್ರಿ ಇದು?
ಎಲ್ಲಾರ ಕೈಗೆ.

ಹನ್ನೊಂದು ಕಬ್ಬಿಣದ ಬಳಿ, ಹನ್ನೊಂದು ಮನಿಗೆ.
ಬಳಿಯೊಳಗ ಕೂಡಬೇಕು, ಹನ್ನೆರಡರೊಳಗ ಸ್ಟೇಶನ್ ಮುಟ್ಟಬೇಕು.
ಇವೆರಡೇ. ಮೂರನೇದು ಬರಿಯಾಕ ಮಹಾನಂದಾ ಪೆನ್ನು ಕೇಳಿದಳು,
ನಾ ಪೆನ್ನು ಕುಪ್ಪಸದಾಗ ಇಟಗೊಂಡೆ.
ಎಳ್ಳು ಎಷ್ಟು, ಉರಿ ಎಷ್ಟು, ಯಾವಾಗ ಏಳೂದು,
ಯಾರಿಗೆ ಬೈಯೂದು,
ಆ ದುಂಡಿನ ಒಳಗ ಅವರವರ ರಾಜ್ಯ.
ಬುಟ್ಟಿ ಗಾಡಿಗೆ ಏರಿಸೂ ಪಾಳಿ ವಾರಕ್ಕೊಬ್ಬರದು;
ಮುರಿದ ರೊಟ್ಟಿ ಎಲ್ಲಾರ ಲೆಕ್ಕಕ್ಕ.
ತಡಾ ಬಂದ ಬುಟ್ಟಿಗೆ ಗಾಡಿ ಕಾಯಂಗಿಲ್ಲ, ನಾವೂ ಕಾಯಂಗಿಲ್ಲ.

ಎಲ್ಲಾ ಸರಿ ಹೋತು ಅಂತ ಬರಿಯಂಗಿಲ್ಲ ನಾ.
ಮಾದೇವಿಯ ದೊಡ್ಡ ಮಗ ಬಳಿಗೆ ಕೋಲು ಹಚ್ಚಿ
ಓಣಿ ತುಂಬ ಗಾಲಿ ಓಡಿಸಿದ;
ಆ ವಾರ ಆಕಿಯ ಮುನ್ನೂರು ರೊಟ್ಟಿ ತತ್ತಿ ಆಕಾರ.
ಪುಣೆಯವ ಇನ್ನಾ ಫೋನು ಮಾಡಿಲ್ಲ.
ಮಹಾನಂದಾ ಈಗೂ ಗೋದಾಮಿನ ಮುಂದ ಹಾಯುವಾಗ
ಒಂದು ಗಳಿಗಿ ನಿಲ್ಲತಾಳ. ಆಕಿ ಹೇಳೂದೂ ಸುಳ್ಳಲ್ಲ:
ಮಳಿಗಾಲಕ್ಕ ಕಟಗಿ ಹಸಿ ಆದ್ರ
ಹನ್ನೊಂದು ಒಲಿ ಹನ್ನೊಂದು ಸಲ ಕೆಮ್ಮತಾವ.

ಅದನ್ನೂ ವಹಿಯಾಗ ಬರದೀನಿ,
ಕೊನೀ ಪುಟದಾಗ, ಲೆಕ್ಕ ಇಲ್ಲದ ಕಡೆ.
ಬರದು ಮುಗಿಸಿ ರಾತ್ರಿ ನನಗಂತ ಒಂದು ಬಡಿತೀನಿ,
ಬಳಿ ಗ್ವಾಡಿಗೆ ನೇತ ಹಾಕಿ.
ಹಂಚು ಇಷ್ಟು ದೊಡ್ಡದು ಅದ ಅಂತ
ಅವಾಗ ನೆನಪಾಗತದ.